ಟ್ಯಾಂಕ್ ತುಂಬಿಸಿದ ಮೇಲೆ ಮಾತ್ರ ಹಟ ಮಾಡುವ ಪಿಕಪ್

ಪೆಟ್ರೋಲ್ ಪಿಕಪ್ ಇಟ್ಟುಕೊಂಡವರಿಗೆ ಒಂದು ಮಾತು. ದಿನವೆಲ್ಲ ಸರಿಯಾಗಿ ಓಡುವ ಗಾಡಿ, ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿದ ಮೇಲೆ ಮಾತ್ರ ಸ್ಟಾರ್ಟ್ ಆಗಲು ಸತಾಯಿಸುತ್ತದಾ? ಹಾಗಿದ್ದರೆ ಬಂಕಿನವರನ್ನು ಬೈಯಬೇಡಿ. ಫ್ಯೂಯಲ್ ಪಂಪ್ ಬದಲಿಸಲೂ ಹೋಗಬೇಡಿ. ಮೊದಲು ಪರ್ಜ್ ವಾಲ್ವ್ ನೋಡಿಸಿ, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್ನಿಗೆ ಬಿಡುವ ಸಣ್ಣ ವಾಲ್ವ್ ಅದು.

ಈಗ ಗಾಡಿಗೆ ಏನೇ ಆದರೂ ಪೆಟ್ರೋಲಿಗೆ ಬೆರೆಸುವ ಎಥನಾಲ್ ಮೇಲೆ ಹಾಕಿಬಿಡುತ್ತಾರೆ. ನಮ್ಮ ಕೊಡಗಿನ ಕಡೆ ಮಳೆಗಾಲ ಬಂತೆಂದರೆ ಇನ್ನೊಂದು ಸೇರಿಕೊಳ್ಳುತ್ತದೆ, ಬಂಕ್ ಟ್ಯಾಂಕಿಗೆ ನೀರು ನುಗ್ಗಿದೆ ಅಂತ. ಪೂರ್ತಿ ಸುಳ್ಳು ಅನ್ನಲಾಗದು. ಎಥನಾಲ್ ಸೇರಿದ ಪೆಟ್ರೋಲಿಗೆ ನೀರು ಜಾಸ್ತಿ ಬಿದ್ದರೆ ಎಥನಾಲೂ ನೀರೂ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದಿಟ್ಟರೆ ಕಣ್ಣಿಗೇ ಕಾಣುತ್ತದೆ. ಆದರೆ ಅಂಥ ಪೆಟ್ರೋಲ್ ಹಾಕಿದ ಗಾಡಿ ಒಂದು ನಿಮಿಷದಲ್ಲಿ ಸರಿಹೋಗುವುದಿಲ್ಲ. ಕುಶಾಲನಗರದಿಂದ ಮಡಿಕೇರಿಗೆ ಏರುವಷ್ಟರಲ್ಲಿ ಜರ್ಕ್ ಹೊಡೆದು ಹೊಡೆದು ಪ್ರಾಣ ತಿನ್ನುತ್ತದೆ. ಅದೇ ಹೊತ್ತಿಗೆ ಅಲ್ಲಿ ಹಾಕಿಸಿದ ಬೇರೆಯವರೂ ಬಂದು ಜಗಳ ತೆಗೆದಿರುತ್ತಾರೆ.

ನಮ್ಮ ಗಾಡಿಯ ಕಥೆ ಹಾಗಿರಲಿಲ್ಲ. ಕಾಫಿ ಕೊಯ್ಲಿನ ಸಮಯ, ಗೋಣಿಕೊಪ್ಪದ ಬಂಕಿನಲ್ಲಿ ಹಿಂದೆ ಸಾಲು, ಎಲ್ಲರಿಗೂ ಅವಸರ. ಟ್ಯಾಂಕ್ ಫುಲ್ ಆಯಿತು, ದುಡ್ಡು ಕೊಟ್ಟಾಯಿತು, ಸೆಲ್ಫ್ ಹೊಡೆದರೆ ಇಂಜಿನ್ ಸುತ್ತುತ್ತದೆ, ಹಿಡಿದುಕೊಳ್ಳುವುದಿಲ್ಲ. ಹಸಿ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತದೆ. ಕೊನೆಗೆ ಕೆಮ್ಮಿಕೊಂಡು ಸ್ಟಾರ್ಟ್ ಆಗಿ, ಸ್ವಲ್ಪ ಕಪ್ಪು ಹೊಗೆ ಬಿಟ್ಟು, ಗಡಗಡ ನಡುಗಿ, ಆಮೇಲೆ ಏನೂ ಆಗದ ಹಾಗೆ ಓಡುತ್ತದೆ. ಗ್ಯಾರೇಜಿನಲ್ಲಿ ಮೊದಲು ಪ್ಲಗ್ ಅಂದರು, ಆಮೇಲೆ ಪಂಪ್ ವೀಕ್ ಅಂದರು. ಪಂಪ್ ವೀಕ್ ಆಗಿದ್ದರೆ ಕಾಲು ಟ್ಯಾಂಕ್ ಇದ್ದಾಗಲೂ ವೀಕ್ ಆಗಿರಬೇಕಲ್ವಾ?

ಸುಳಿವು ಕೊಟ್ಟಿದ್ದು ಗಾಡಿ ಓಡಿಸುವ ಹುಡುಗ. "ಅಣ್ಣ, ಆಕ್ಸಿಲರೇಟರ್ ಅರ್ಧ ತುಳಿದು ಸೆಲ್ಫ್ ಹೊಡೆದ್ರೆ ಬೇಗ ಹಿಡ್ಕೊಳ್ತದೆ" ಅಂದ. ಆಕ್ಸಿಲರೇಟರ್ ತುಳಿದರೆ ಒಳಗೆ ಗಾಳಿ ಜಾಸ್ತಿ ಹೋಗುತ್ತದೆ. ಗಾಳಿ ಕೊಟ್ಟಾಗ ಹಿಡಿದುಕೊಳ್ಳುತ್ತದೆ ಅಂದರೆ ಒಳಗೆ ಪೆಟ್ರೋಲ್ ಹೆಚ್ಚಾಗಿದೆ, ಕಡಿಮೆಯಾಗಿಲ್ಲ. ಅರ್ಧ ರೋಗ ಅಲ್ಲೇ ಪತ್ತೆಯಾಯಿತು.

ಈಗಿನ ಪೆಟ್ರೋಲ್ ಗಾಡಿಗಳಲ್ಲಿ ಟ್ಯಾಂಕಿನ ಆವಿಯನ್ನು ಹೊರಗೆ ಬಿಡುವಂತಿಲ್ಲ. ಅದು ಇದ್ದಿಲು ತುಂಬಿದ ಒಂದು ಡಬ್ಬಿಗೆ ಹೋಗುತ್ತದೆ, ಕ್ಯಾನಿಸ್ಟರ್ ಅನ್ನುತ್ತಾರೆ. ಅಲ್ಲಿಂದ ಇಂಜಿನ್ನಿಗೆ ಒಂದು ಪೈಪ್, ಮಧ್ಯೆ ಈ ಪರ್ಜ್ ವಾಲ್ವ್. ಇಂಜಿನ್ ಬಿಸಿಯಾಗಿ ಓಡುತ್ತಿರುವಾಗ ಕಂಪ್ಯೂಟರ್ ಕರೆಂಟ್ ಕೊಟ್ಟು ಅದನ್ನು ತೆಗೆದು ಮುಚ್ಚಿ ಮಾಡುತ್ತದೆ, ಆವಿ ಸುಟ್ಟುಹೋಗುತ್ತದೆ. ಇಂಜಿನ್ ಆಫ್ ಇದ್ದಾಗ ಮುಚ್ಚಿರಲೇಬೇಕು. ಅದು ತೆರೆದೇ ಸಿಕ್ಕಿಕೊಂಡರೆ? ಟ್ಯಾಂಕಿಗೆ ಪೆಟ್ರೋಲ್ ಬೀಳುವಾಗ ಒಳಗಿದ್ದ ಆವಿ ಜಾಗ ಬಿಡಬೇಕಲ್ಲ, ಅದು ನೇರ ಇಂಜಿನ್ನಿನ ಗಾಳಿ ಪೈಪಿಗೆ ಬಂದು ಕೂರುತ್ತದೆ. ಅದಕ್ಕೇ ಬಂಕಿನಲ್ಲಿ ಮಾತ್ರ ಈ ಕಾಟ.

ಹಾಗಂತ ನನ್ನ ಮಾತು ಕೇಳಿ ಸುಮ್ನೆ ವಾಲ್ವ್ ಬದಲಿಸಬೇಡಿ, ಪರೀಕ್ಷೆ ಸುಲಭ ಇದೆ. ಗಾಡಿ ಬಿಸಿ ಇರುವಾಗ ಟೀ ಅಂಗಡಿ ಮುಂದೆ ಬಂಕಿನಲ್ಲಿ ನಿಲ್ಲಿಸುವಷ್ಟೇ ಹೊತ್ತು ನಿಲ್ಲಿಸಿ, ಸ್ಟಾರ್ಟ್ ಮಾಡಿ. ಅಲ್ಲೂ ಸತಾಯಿಸಿದರೆ ಕಾರಣ ಬೇರೆ ಇರಬಹುದು, ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೋರುವ ಥರದ್ದು. ಅಲ್ಲಿ ಸರಿ ಇದ್ದು ಬಂಕಿನಲ್ಲಿ ಮಾತ್ರ ತೊಂದರೆ ಅಂದರೆ ಮುಂದಿನ ಹೆಜ್ಜೆ. ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಕ್ಯಾನಿಸ್ಟರ್ ಕಡೆಯಿಂದ ವಾಲ್ವ್‌ಗೆ ಬರುವ ಪೈಪ್ ಬಿಚ್ಚಿ, ವಾಲ್ವ್ ಬಾಯಿಗೆ ಹೆಬ್ಬೆರಳು ಇಡಿ. ಆಗ ವಾಲ್ವ್ ಬೆರಳನ್ನು ಒಳಗೆ ಎಳೆಯಬಾರದು. ಎಳೆದರೆ ವಾಲ್ವ್ ಮುಚ್ಚುತ್ತಿಲ್ಲ. ಇದನ್ನು ಮನೆ ಅಂಗಳದಲ್ಲಿ ಮಾಡಿ, ಬಂಕಿನಲ್ಲಿ ಅಲ್ಲ, ಹತ್ತಿರ ಬೀಡಿ ಸೇದುವವರೂ ಬೇಡ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇದ್ದರೆ ಪಿ0496 (ಆವಿ ಜಾಸ್ತಿ ಬರುತ್ತಿದೆ) ಅಥವಾ ಪಿ0172 (ಪೆಟ್ರೋಲ್ ಹೆಚ್ಚಾಗಿದೆ) ಅನ್ನುವ ಕೋಡ್ ಬಂದಿದೆಯಾ ನೋಡಿಸಿ. ಮೀಟರಿನಲ್ಲಿ ಇಂಜಿನ್ ಲೈಟ್ ಬಂದಿಲ್ಲ ಅಂದಮಾತ್ರಕ್ಕೆ ವಾಲ್ವ್ ಚೆನ್ನಾಗಿದೆ ಅಂತಲ್ಲ.

ನನ್ನ ಸಿಟ್ಟು ಇರುವುದು ಫುಲ್ ಮಾಡಿಸುವ ರೀತಿ ಮೇಲೆ. ನಳಿಕೆಯ ತುದಿಯಲ್ಲಿ ಒಂದು ಸಣ್ಣ ತೂತು ಇದೆ, ಪೆಟ್ರೋಲ್ ಅಲ್ಲಿಗೆ ಮುಟ್ಟಿದರೆ ತಾನೇ ಟಕ್ ಅಂತ ಕಟ್ ಆಗುತ್ತದೆ. ಅಲ್ಲಿಗೆ ಸಾಕು. ಆದರೆ ನಾವು ಬಿಡುತ್ತೇವಾ? ಕುಟ್ಟ, ಶ್ರೀಮಂಗಲದ ಒಳಗಿನ ತೋಟದಿಂದ ಬಂದವರಿಗೆ ಮತ್ತೆ ಬಂಕಿಗೆ ಬರುವುದು ದೂರ. ಹಾಗಾಗಿ "ಇನ್ನೂ ಸ್ವಲ್ಪ ಹಾಕಿ, ರೌಂಡ್ ಮಾಡಿ" ಅನ್ನುತ್ತೇವೆ, ಬಂಕಿನ ಹುಡುಗ ಗಾಡಿ ಅಲ್ಲಾಡಿಸಿ ಬಾಯಿಮಟ್ಟ ತುಂಬಿಸುತ್ತಾನೆ. ಆವಿ ಹೋಗಬೇಕಾದ ದಾರಿಯಲ್ಲಿ ಪೆಟ್ರೋಲೇ ಹರಿದು ಇದ್ದಿಲು ನೆನೆಯುತ್ತದೆ. ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದ ಹಾಗೆ, ಆಮೇಲೆ ಅದು ಏನನ್ನೂ ಹೀರುವುದಿಲ್ಲ. ಪುಡಿಯಾದ ಇದ್ದಿಲು ಪೈಪಿನಲ್ಲಿ ಬಂದು ವಾಲ್ವ್ ಒಳಗೆ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಚಟ, ಇಳಿಜಾರಿನಲ್ಲಿ ಉರುಳಿಸಿ ಗೇರ್ ಹಾಕಿ ಸ್ಟಾರ್ಟ್ ಮಾಡುವುದು. ಕೊಡಗಲ್ಲವಾ, ಇಳಿಜಾರಿಗೆ ಬರವಿಲ್ಲ. ಆದರೆ ಪೆಟ್ರೋಲ್ ಕಟ್ಟಿಕೊಂಡ ಇಂಜಿನ್ನನ್ನು ಹಾಗೆ ಎಳೆದರೆ ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಟ್ಟು ಹಾಕಬಹುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಹೊಗೆ ನಿಯಮದ ಗಾಡಿಗಳಲ್ಲಂತೂ ಅದು ದುಬಾರಿ ಸಾಮಾನು.

ಡೀಸೆಲ್ ಪಿಕಪ್‌ನವರು ಇದನ್ನು ಓದಿ ವಾಲ್ವ್ ಹುಡುಕಬೇಡಿ, ನಿಮ್ಮದರಲ್ಲಿ ಅದು ಇಲ್ಲ. ನೀವು ಫಿಲ್ಟರಿನ ನೀರು, ಲೈನಿಗೆ ಗಾಳಿ ಎಳೆಯುತ್ತಿದೆಯಾ, ಅದನ್ನು ನೋಡಿಸಿ.

ಪೆಟ್ರೋಲಿನವರು ವಾಲ್ವ್ ಬದಲಿಸಿದರೆ ಹಳೆಯದನ್ನು ಕೈಗೆ ಕೇಳಿ ಪಡೆಯಿರಿ. ಬಿಳಿ ಕಾಗದದ ಮೇಲೆ ಕುಟ್ಟಿ ನೋಡಿ. ಕಪ್ಪು ಪುಡಿ ಉದುರಿದರೆ ಕ್ಯಾನಿಸ್ಟರನ್ನೂ ಬದಲಿಸಿ, ಪೈಪಿಗೆ ಗಾಳಿ ಹೊಡೆಸಿ. ಇಲ್ಲದಿದ್ದರೆ ಹೊಸ ವಾಲ್ವ್‌ಗೂ ಅದೇ ಗತಿ.