21 ಸೋಲಿನ ಆಮೇಲೆ ಬಂದ 50 ಸಾವಿರ ಜನ

ನಾನು ಅಮೆರಿಕದ ಮೇರಿಲ್ಯಾಂಡ್ ರಾಜ್ಯಕ್ಕೆ ಬಂದದ್ದು 2018ರಲ್ಲಿ. ಆ ವರ್ಷ ಇಲ್ಲಿನ ಬೇಸ್‌ಬಾಲ್ ತಂಡ ಬಾಲ್ಟಿಮೋರ್ ಓರಿಯೋಲ್ಸ್ 115 ಪಂದ್ಯ ಸೋತಿತು. ಬೇಸ್‌ಬಾಲ್‌ನ ತಲೆಬುಡ ಗೊತ್ತಿಲ್ಲದ ನಾನು ಆಫೀಸಿನವರ ಜೊತೆ ಮೊದಲ ಸಲ ಸ್ಟೇಡಿಯಂಗೆ ಹೋಗಿ, ಖಾಲಿ ಕುರ್ಚಿಗಳ ನಡುವೆ ಕೂತು ಕಡಲೆಕಾಯಿ ಸುಲಿಯುತ್ತಾ, "ಇಷ್ಟು ಕೆಟ್ಟದಾಗಿ ಆಡೋ ತಂಡ ಇನ್ನೊಂದಿದೆಯಾ?" ಅಂತ ಕೇಳಿದೆ. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ನಕ್ಕರು. "ನೀನು 1988 ನೋಡಿಲ್ಲ" ಅಂದರು. ನಮ್ಮಜ್ಜಿ ಬರಗಾಲದ ಕಥೆ ಹೇಳುವಾಗ ಇದ್ದ ದನಿಯೇ ಅದು. ಸಂಕಟವೂ ಇತ್ತು, ನಾವು ಅದನ್ನೂ ಕಂಡವರು ಅನ್ನೋ ಜಂಬವೂ ಇತ್ತು.

ಆ ಮೇಲೆ ನಾನು ಈ 1988ರ ಹಿಂದೆ ಬಿದ್ದೆ. ಆ ಸೀಸನ್ ಶುರುವಲ್ಲೇ ಓರಿಯೋಲ್ಸ್ ಸತತ 21 ಪಂದ್ಯ ಸೋತಿತ್ತು, ಆದರೂ ಊರಿಗೆ ಮರಳಿದಾಗ ನೋಡೋಕೆ 50 ಸಾವಿರ ಜನ ಬಂದಿದ್ದರು. ಹೆಂಡತಿ ಬೈಯುವಷ್ಟು ಓದಿದೆ. ಎಲ್ಲರೂ ಅದನ್ನು ಒಂದು ಜೋಕ್ ಆಗಿ ಹೇಳುತ್ತಾರೆ, ಇಲ್ಲವೇ "ಅಭಿಮಾನಿಗಳೆಂದರೆ ಹೀಗಿರಬೇಕು" ಅಂತ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಎರಡೂ ಒಪ್ಪಿಗೆ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ತಂಡಕ್ಕೆ ಒಂದು ಸೀಸನ್‌ನಲ್ಲಿ 162 ಪಂದ್ಯ. ಹೆಚ್ಚುಕಮ್ಮಿ ದಿನಾ ಆಟ. ಇಷ್ಟು ಆಡಿದರೆ ಎಂಥಾ ದರಿದ್ರ ತಂಡವೂ ನಡುನಡುವೆ ಗೆದ್ದೇ ಗೆಲ್ಲುತ್ತದೆ. 1988ರ ಓರಿಯೋಲ್ಸ್ ಏಪ್ರಿಲ್ 4ಕ್ಕೆ ತಮ್ಮೂರಿನ ಮೆಮೋರಿಯಲ್ ಸ್ಟೇಡಿಯಂನಲ್ಲಿ ಮಿಲ್ವಾಕಿ ಬ್ರೂವರ್ಸ್ ಎದುರು 12-0ಗೆ ಸೋತು ಸೀಸನ್ ಶುರು ಮಾಡಿದರು. ಆಮೇಲೆ ಸೋತರು. ಮತ್ತೆ ಸೋತರು. ಸೀಸನ್ ಶುರುವಿನಿಂದ ಸತತವಾಗಿ ಸೋತ ಹಳೇ ದಾಖಲೆ 13 ಪಂದ್ಯದ್ದು. ಇವರು 21ರ ತನಕ ಹೋದರು. ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ ಅಲ್ವಾ? ಒಂದು ಇಡೀ ಐಪಿಎಲ್ ಸೋತು, ಮುಂದಿನ ವರ್ಷದ ಅರ್ಧವನ್ನೂ ಸೋತ ಹಾಗೆ. (ಆರ್‌ಸಿಬಿ ಜೋಕ್ ಕಾಮೆಂಟ್‌ನಲ್ಲಿ ಬೇಡ. 2025ರ ಜೂನ್‌ನಲ್ಲೇ ಆ ಲೆಕ್ಕ ಮುಗಿದಿದೆ.)

ಇದು ಎಂದಿನಿಂದಲೂ ಸೋಲುತ್ತಿದ್ದ ತಂಡವೂ ಅಲ್ಲ. 1983ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಫೈನಲ್, ಗೆದ್ದಿತ್ತು. ಚಿಕ್ಕ ಹುಡುಗರನ್ನು ಕೆಳಗಿನ ಲೀಗ್‌ಗಳಲ್ಲಿ ಬೆಳೆಸಿ, ತಿದ್ದಿ ತೀಡಿ ಮೇಲಕ್ಕೆ ತರೋದರಲ್ಲಿ ಓರಿಯೋಲ್ಸ್ ಹೆಸರುವಾಸಿ. ಕಪ್ ಬಂದಮೇಲೆ ಆ ಬೇರು ಒಣಗಿತು. ಫ್ರೆಡ್ ಲಿನ್, ಲೀ ಲೇಸಿ ಥರದ ಮೂವತ್ತು ದಾಟಿದ ಹೆಸರಾಂತ ಆಟಗಾರರನ್ನು ದುಡ್ಡು ಕೊಟ್ಟು ತಂದರು. ಕೆಳಗಿನಿಂದ ಹೊಸಬರು ಬರೋದು ಕಮ್ಮಿಯಾಯಿತು. 1986ರಲ್ಲೇ ತಂಡ ಪಟ್ಟಿಯ ತಳಕ್ಕೆ ಬಿದ್ದಿತ್ತು. 1987ರಲ್ಲಿ 95 ಸೋಲು. ಅಂದರೆ 1988ರ ಏಪ್ರಿಲ್ ಆಕಾಶದಿಂದ ಉದುರಿದ್ದಲ್ಲ. ನಾಲ್ಕೈದು ವರ್ಷ ಗೆದ್ದಲು ತಿಂದ ಕಂಬ ಅದು.

ಈಗ ನನ್ನ ಹೊಟ್ಟೆ ಉರಿಯುವ ಭಾಗ.

ತಂಡದ ಮ್ಯಾನೇಜರ್ ಕ್ಯಾಲ್ ರಿಪ್ಕೆನ್ ಸೀನಿಯರ್. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ನಮ್ಮ ಕ್ರಿಕೆಟ್‌ನ ಕೋಚು, ಕ್ಯಾಪ್ಟನ್ನು ಇಬ್ಬರ ಕೆಲಸವನ್ನೂ ಮಾಡುವವನು. ಈ ಮನುಷ್ಯ 1957ರಿಂದ ಓರಿಯೋಲ್ಸ್ ಮನೆಯವರೇ. ಮೊದಲು ಕೆಳಗಿನ ಲೀಗ್‌ನಲ್ಲಿ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ). ಆಮೇಲೆ ಸಣ್ಣಸಣ್ಣ ಊರುಗಳಲ್ಲಿ ಹುಡುಗರಿಗೆ ಕಲಿಸುವ ಕೆಲಸ. ಆಮೇಲೆ ವರ್ಷಗಟ್ಟಲೆ ಥರ್ಡ್ ಬೇಸ್ ಕೋಚ್, ಅಂದರೆ ಮೈದಾನದಂಚಲ್ಲಿ ನಿಂತು ಓಡುವವರಿಗೆ ಸನ್ನೆ ಮಾಡುವವರು. ಮ್ಯಾನೇಜರ್ ಕುರ್ಚಿ ಸಿಕ್ಕಿದ್ದು 1987ರಲ್ಲಿ, ಅದೂ ತಂಡ ಹಾಳಾದ ಮೇಲೆ. ದೊಡ್ಡ ಮಗ ಕ್ಯಾಲ್ ಜೂನಿಯರ್ ಆ ತಂಡದ ಶಾರ್ಟ್‌ಸ್ಟಾಪ್, ಅಂದರೆ ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್. ಚಿಕ್ಕವನು ಬಿಲ್ಲಿ ಸೆಕೆಂಡ್ ಬೇಸ್‌ನಲ್ಲಿ. ಇಬ್ಬರು ಮಕ್ಕಳಿಗೆ ಒಂದೇ ಸಲ ಮ್ಯಾನೇಜರ್ ಆದ ಅಪ್ಪ ಮೇಜರ್ ಲೀಗ್‌ನಲ್ಲಿ ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಆರು ಪಂದ್ಯ ಸೋತರು. ಏಪ್ರಿಲ್ 12ಕ್ಕೆ ಅಪ್ಪನನ್ನು ತೆಗೆದುಹಾಕಿದರು.

ಆರೇ ಪಂದ್ಯ! 162ರಲ್ಲಿ ಆರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. ಹುಡುಗರನ್ನು ಬೆಳೆಸಬೇಕು ಅಂತ ಮೂವತ್ತು ವರ್ಷ ಮೈಮುರಿದವನನ್ನೇ, ಹುಡುಗರನ್ನು ಬೆಳೆಸದೆ ಕೆಟ್ಟ ತಂಡಕ್ಕೆ ಹೊಣೆ ಮಾಡಿ ಕಳಿಸಿದರು. ಅದೇ ದಿನ ಅವರ ಇಬ್ಬರು ಮಕ್ಕಳು ಅದೇ ಶರ್ಟು ಹಾಕಿಕೊಂಡು ಮೈದಾನಕ್ಕೆ ಹೋಗಬೇಕು. ಬಿಲ್ಲಿ ಅಲ್ಲಿಯತನಕ 3ನೇ ನಂಬರ್ ಹಾಕುತ್ತಿದ್ದ. ಅಪ್ಪ ಹೋದಮೇಲೆ ಅಪ್ಪನ 7ನೇ ನಂಬರ್ ಕೇಳಿ ಹಾಕಿಕೊಂಡ. ಒಂದು ಮಾತೂ ಆಡದೆ ಆಡಳಿತಕ್ಕೆ ಉತ್ತರ ಕೊಟ್ಟದ್ದು ಅಂದರೆ ಇದು.

ಹೊಸ ಮ್ಯಾನೇಜರ್ ಫ್ರಾಂಕ್ ರಾಬಿನ್ಸನ್. ಸಾಮಾನ್ಯನಲ್ಲ. 1966ರಲ್ಲಿ ಇದೇ ತಂಡಕ್ಕೆ ಆಡಿ ಲೀಗ್‌ನ ಅತ್ಯುತ್ತಮ ಆಟಗಾರ ಅನಿಸಿಕೊಂಡವರು. ಮೇಜರ್ ಲೀಗ್‌ನ ಮೊದಲ ಕಪ್ಪು ಮ್ಯಾನೇಜರ್ ಕೂಡ ಅವರೇ. ಅಂಥವರು ಬಂದರೂ ಏನಾಯಿತು? ಮುಂದಿನ 15 ಪಂದ್ಯವೂ ಸೋಲು. ತಪ್ಪು ಮ್ಯಾನೇಜರ್‌ದಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ದೇಶದ ಅಧ್ಯಕ್ಷ ರೇಗನ್ ಫೋನ್ ಮಾಡಿ ರಾಬಿನ್ಸನ್‌ಗೆ ಧೈರ್ಯ ಹೇಳುವಷ್ಟು ದೊಡ್ಡ ಸುದ್ದಿಯಾಯಿತು ಇದು. ಬಾಬ್ ರಿವರ್ಸ್ ಅನ್ನೋ ಬಾಲ್ಟಿಮೋರ್ ರೇಡಿಯೋ ಜಾಕಿ, ತಂಡ ಗೆಲ್ಲೋ ತನಕ ಸ್ಟುಡಿಯೋ ಬಿಟ್ಟು ಏಳಲ್ಲ ಅಂತ ಹಟ ಹಿಡಿದು ಕೂತ. ಪಾಪ, ಎರಡು ಮೂರು ದಿನದ ಮಾತು ಅಂದುಕೊಂಡಿದ್ದನೋ ಏನೋ. 258 ಗಂಟೆ ಕೂರಬೇಕಾಯಿತು.

ಕೊನೆಗೆ ಏಪ್ರಿಲ್ 29ಕ್ಕೆ ಶಿಕಾಗೋದಲ್ಲಿ ವೈಟ್ ಸಾಕ್ಸ್ ಎದುರು 9-0 ಗೆಲುವು. ಎಡ್ಡಿ ಮರ್ರೆ ಹೋಮ್ ರನ್, ಕ್ಯಾಲ್ ಜೂನಿಯರ್ ನಾಲ್ಕು ಹಿಟ್. ತಂಡದ ಜನರಲ್ ಮ್ಯಾನೇಜರ್ (ಆಟಗಾರರನ್ನು ತರೋದು, ಬಿಡೋದು ನೋಡಿಕೊಳ್ಳುವವರು) ರೋಲಂಡ್ ಹೆಮಂಡ್ ಅವತ್ತು ಒಂದು ಹಳೇ ಸೂಟು ಹಾಕಿದ್ದರಂತೆ. 1983ರಲ್ಲಿ ಅವರು ಇದೇ ವೈಟ್ ಸಾಕ್ಸ್‌ನಲ್ಲಿದ್ದಾಗ ತಂಡ ಗೆದ್ದ ಖುಷಿಗೆ ಶಾಂಪೇನ್ ಸುರಿದು ತೋಯಿಸಿದ ಸೂಟು ಅದು. ಕಲೆಯೇ ಅದೃಷ್ಟ ಅಂತ! ಪರೀಕ್ಷೆಗೆ ಒಂದೇ ಪೆನ್ನು ಒಯ್ಯುತ್ತಿದ್ದ ನಾನು ನಗೋ ಹಾಗಿಲ್ಲ.

ಮತ್ತೆ ಎರಡು ಸೋತು ಊರಿಗೆ ಬಂದರು. 24 ಪಂದ್ಯದಲ್ಲಿ ಒಂದು ಗೆಲುವು. ಮೇ 2, ಸೋಮವಾರ ರಾತ್ರಿ. ಸ್ಟೇಡಿಯಂಗೆ ಬಂದವರು 50,402 ಜನ.

ಇಲ್ಲೇ ಎಲ್ಲರೂ ಕಣ್ಣೊರೆಸಿಕೊಳ್ಳೋದು. ಆಹಾ ನಿಷ್ಠೆ, ಆಹಾ ಪ್ರೀತಿ. ಪ್ರೀತಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಿ. 1984ರ ಮಾರ್ಚ್‌ನ ಒಂದು ರಾತ್ರಿ ಬಾಲ್ಟಿಮೋರ್‌ನ ಫುಟ್‌ಬಾಲ್ ತಂಡ ಕೋಲ್ಟ್ಸ್, ಮೇಫ್ಲವರ್ ಕಂಪನಿಯ ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಕತ್ತಲಲ್ಲೇ ಇಂಡಿಯಾನಾಪೊಲಿಸ್‌ಗೆ ಹೋಗಿಬಿಟ್ಟಿತು. ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಮನೆ ಖಾಲಿ ಮಾಡ್ತಾರಲ್ಲ, ಹಾಗೆ. ಬೆಳಿಗ್ಗೆ ಎದ್ದರೆ ತಂಡವೇ ಇಲ್ಲ! ಕೋಲ್ಟ್ಸ್ ಆಡುತ್ತಿದ್ದದ್ದೂ ಇದೇ ಮೆಮೋರಿಯಲ್ ಸ್ಟೇಡಿಯಂನಲ್ಲಿ. ಊರಿಗೆ ಉಳಿದದ್ದು ಓರಿಯೋಲ್ಸ್ ಒಂದೇ. ಅದರ ಮಾಲೀಕ ಎಡ್ವರ್ಡ್ ಬೆನೆಟ್ ವಿಲಿಯಮ್ಸ್ ವಾಷಿಂಗ್ಟನ್‌ನ ವಕೀಲ. ವಾಷಿಂಗ್ಟನ್ ಅಲ್ಲಿಂದ ಒಂದು ಗಂಟೆಯ ದಾರಿ, ಅಲ್ಲಿ ಬೇಸ್‌ಬಾಲ್ ತಂಡ ಇರಲಿಲ್ಲ. ಇವನೂ ಗಂಟುಮೂಟೆ ಕಟ್ಟಿದರೆ ಅನ್ನೋ ದಿಗಿಲು ಊರಿನ ಎದೆಯಲ್ಲಿ ವರ್ಷಗಳಿಂದ ಕೂತಿತ್ತು.

ಇನ್ನೊಂದು ಸ್ವಾರಸ್ಯ. ಆ ರಾತ್ರಿಯ ಎದುರಾಳಿ ಯಾರು ಗೊತ್ತಾ? ಟೆಕ್ಸಸ್ ರೇಂಜರ್ಸ್. 1971ರ ತನಕ ವಾಷಿಂಗ್ಟನ್‌ನಲ್ಲಿ ಇದ್ದು, ಆ ಊರನ್ನು ಬಿಟ್ಟು ಓಡಿಹೋದ ತಂಡವೇ ಅದು! ಓರಿಯೋಲ್ಸ್ ಕೂಡ ಸುಮ್ನೆ ನೆಲದಿಂದ ಹುಟ್ಟಿದ್ದಲ್ಲ, 1954ರಲ್ಲಿ ಸೇಂಟ್ ಲೂಯಿಸ್‌ನಿಂದ ಎದ್ದು ಬಂದದ್ದು. ತಂಡಗಳು ಊರು ಬಿಡುತ್ತವೆ ಅನ್ನೋದು ಆ ಕುರ್ಚಿಗಳಲ್ಲಿ ಕೂತ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ನನ್ನ ಲೆಕ್ಕದಲ್ಲಿ ಆ 50 ಸಾವಿರ ಜನ ಬಂದದ್ದು ಸೋತವರ ತಲೆ ಸವರೋದಕ್ಕೆ ಮಾತ್ರ ಅಲ್ಲ. "ಹೋಗಬೇಡ" ಅಂತ ಸೆರಗು ಹಿಡಿದು ಜಗ್ಗೋದಕ್ಕೆ. ಖಾಲಿ ಸ್ಟೇಡಿಯಂ ಮಾಲೀಕನಿಗೆ ಒಳ್ಳೇ ನೆಪ, ತುಂಬಿದ ಸ್ಟೇಡಿಯಂ ಅಲ್ಲ. ಇದನ್ನು ನನ್ನ ಸಹೋದ್ಯೋಗಿಗೆ ಹೇಳಿದೆ. ಅವರು ಆ ರಾತ್ರಿ ಅಲ್ಲಿದ್ದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪ ನನ್ನನ್ನು ಕರ್ಕೊಂಡು ಹೋಗಿದ್ದು ಬೇರೆ ಏನಕ್ಕೂ ಅಲ್ಲ, ಕೋಲ್ಟ್ಸ್ ಹೋಗಿದ್ದಕ್ಕೆ" ಅಂದರು.

ಅವತ್ತು ಓರಿಯೋಲ್ಸ್ 9-4ಕ್ಕೆ ಗೆದ್ದರು. ಆದರೆ ದೊಡ್ಡ ಸುದ್ದಿ ಅದಲ್ಲ. ಕೋಲ್ಟ್ಸ್ ಓಡಿಹೋದಾಗ ಊರಿನ ಮೇಯರ್ ಆಗಿದ್ದ ವಿಲಿಯಂ ಡೊನಾಲ್ಡ್ ಶೇಫರ್ ಆ ಹೊತ್ತಿಗೆ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಥರ) ಆಗಿದ್ದರು. ಊರಿನ ಮಧ್ಯದಲ್ಲಿ ಹೊಸ ಸ್ಟೇಡಿಯಂ ಕಟ್ಟುತ್ತೇವೆ, ತಂಡ 15 ವರ್ಷದ ಕರಾರಿಗೆ ಒಪ್ಪಿದೆ ಅಂತ ಅದೇ ರಾತ್ರಿ, ಅದೇ ಮೈದಾನದಲ್ಲಿ ಅವರು ಹೇಳಿದರು. ಮಾಲೀಕ ವಿಲಿಯಮ್ಸ್ ಕ್ಯಾನ್ಸರ್‌ನಿಂದ ಆಗಸ್ಟ್‌ನಲ್ಲಿ ತೀರಿಕೊಂಡರು. ಸ್ಟೇಡಿಯಂ 1992ರಲ್ಲಿ ತೆರೆಯಿತು. ಅದೇ ಕ್ಯಾಮ್ಡನ್ ಯಾರ್ಡ್ಸ್. ನಾನು ಕಡಲೆಕಾಯಿ ಸಿಪ್ಪೆ ಉದುರಿಸಿದ ಜಾಗ.

ಆ ಸೀಸನ್ 54 ಗೆಲುವು, 107 ಸೋಲಿಗೆ ಮುಗಿಯಿತು. ಮೇ ತಿಂಗಳ ನಂತರದ್ದು ಹೇಳೋಕೆ ಜಾಸ್ತಿ ಏನಿಲ್ಲ, ಮಾಮೂಲಿ ಸೋಲುಗಳು. ಒಂದು ವಿಷಯ ಬಿಟ್ಟು: ಜುಲೈನಲ್ಲಿ ಮೈಕ್ ಬಾಡಿಕರ್ ಅನ್ನೋ ಒಳ್ಳೇ ಪಿಚರ್‌ನನ್ನು (ನಮ್ಮ ಬೌಲರ್ ಥರ) ಬಾಸ್ಟನ್ ತಂಡಕ್ಕೆ ಕೊಟ್ಟು ಇಬ್ಬರು ಹುಡುಗರನ್ನು ತಂದರು, ಬ್ರೇಡಿ ಆಂಡರ್ಸನ್ ಮತ್ತು ಕರ್ಟ್ ಶಿಲ್ಲಿಂಗ್. ಅಂತೂ ಕೊನೆಗೆ ಹುಡುಗರ ಕಡೆ ತಿರುಗಿದರು. ಮರುವರ್ಷ ತಂಡ 87 ಪಂದ್ಯ ಗೆದ್ದು, ಕೊನೆಯ ವಾರದ ತನಕ ಟೊರಾಂಟೊ ಜೊತೆ ಮೊದಲ ಸ್ಥಾನಕ್ಕೆ ಜಗಳವಾಡಿತು.

ಅಪ್ಪನ ಕೆಲಸ ಕಿತ್ತ ತಂಡದಲ್ಲೇ ಕ್ಯಾಲ್ ಜೂನಿಯರ್ ಉಳಿದ. 1988ರಲ್ಲಿ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಅದೇ ಬೇಸಿಗೆಯಲ್ಲಿ ಇನ್ನೂ ಮೂರು ವರ್ಷಕ್ಕೆ ಸಹಿ ಹಾಕಿದ. ಒಂದೂ ಬಿಡದೆ ಸತತ 2,632 ಪಂದ್ಯ ಆಡಿದ ಅವನ ದಾಖಲೆಯಲ್ಲಿ ಆ 21 ಸೋಲೂ ಸೇರಿವೆ. ನಾನಾಗಿದ್ದರೆ ಮೊದಲ ಬಸ್ಸು ಹತ್ತುತ್ತಿದ್ದೆ.

1989ರಲ್ಲಿ ಅಪ್ಪನೂ ವಾಪಸ್ ಬಂದರು. ಮ್ಯಾನೇಜರ್ ಆಗಿ ಅಲ್ಲ, ತಮ್ಮ ಹಳೇ ಜಾಗಕ್ಕೆ, ಥರ್ಡ್ ಬೇಸ್ ಕೋಚ್ ಆಗಿ. ಅವರ 7ನೇ ನಂಬರ್ ಆಗಲೂ ಬಿಲ್ಲಿ ಬೆನ್ನ ಮೇಲೇ ಇತ್ತು.