ಆಗುಂಬೆ ಸೀಮೆಯಲ್ಲಿ ಗುಡ್ಡ ಕಡಿದರೆ ಧರೆ ಸುಮ್ಮನಿರುವುದಿಲ್ಲ

ಆಗುಂಬೆ ಸೀಮೆಯಲ್ಲಿ ಮನೆ ಕಟ್ಟುವ ಬಗೆಗಿನ ಲೇಖನವೊಂದರಲ್ಲಿ, ಗುಡ್ಡದ ಇಳಿಜಾರನ್ನು ಜೆಸಿಬಿಯಿಂದ ಸಮ ಮಾಡಿ, ಪಶ್ಚಿಮದ ಕಣಿವೆ ಕಾಣುವಂತೆ ಇಡೀ ಗೋಡೆಗೆ ಗಾಜು ಹಾಕಿ ಎಂದಿದೆ. ಮಲೆನಾಡಿನಲ್ಲಿ ಮನೆ ಕಟ್ಟುವವರು ದಯವಿಟ್ಟು ಈ ಎರಡನ್ನೂ ಮಾಡಬೇಡಿ.

ಕಡಿದ ಮಣ್ಣನ್ನೇ ಮುಂದಕ್ಕೆ ತುಂಬಿದರೆ ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ಸಡಿಲ ಮಣ್ಣಿನ ಮೇಲೆ ನಿಲ್ಲುತ್ತದೆ. ತುಂಬಿದ ಭಾಗ ಒಂದೆರಡು ಮಳೆಗಾಲದಲ್ಲಿ ಕೂತು, ಸರಿಯಾಗಿ ಆ ಸಂದಿನಲ್ಲೇ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಇನ್ನು ಹಿಂದಿನ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ, ನೀರು ಕುಡಿದು ಕುಸಿಯುವುದು ಬೇರೆ. ಇದರ ಬದಲು ಅಡಿಪಾಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಇಲ್ಲವೇ ಮುಂಭಾಗವನ್ನು ಕಂಬಗಳ ಮೇಲೆ ಎತ್ತಿ. ಪ್ರತಿ ಪಾಯವೂ ಮೂಲ ನೆಲ ಮುಟ್ಟಲಿ. ಮನೆಯ ಮೇಲ್ಗಡೆ ಅಡ್ಡಲಾಗಿ ಒಂದು ಕಾಲುವೆ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಿ. ತಡೆಗೋಡೆ ಬೇಕೇ ಆದರೆ ಹಿಂದೆ ಜಲ್ಲಿ ತುಂಬಿ, ನೀರು ಹೊರಹೋಗಲು 4-5 ಅಡಿಗೊಂದು 3 ಇಂಚಿನ ಪೈಪು ಬಿಡಿ.

ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗ ಇದು. ಇರಿಚಲು (ಗಾಳಿಗೆ ಓರೆಯಾಗಿ ಹೊಡೆಯುವ ಮಳೆ) ಬರುವುದು ನೈಋತ್ಯದಿಂದ. ಆ ಕಡೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗಟ್ಟಿ ಗೋಡೆ, 4 ಅಡಿ ಸೂರು, ಚಿಕ್ಕ ಕಿಟಕಿ ಸಾಕು. ನೋಟ ಬೇಕಿದ್ದರೆ ಅಲ್ಲೊಂದು ಆಳವಾದ ಜಗಲಿ ಮಾಡಿ. ದೊಡ್ಡ ಕಿಟಕಿಗಳು ಪೂರ್ವಕ್ಕಿರಲಿ, ಬೆಳಗಿನ ಬಿಸಿಲು ಬಿದ್ದರೆ ಹಾಸಿಗೆ ಬೂಸಲು ಹಿಡಿಯುವುದು ಕಡಿಮೆ.

ಮಂಗಳೂರು ಹೆಂಚಿನ ಮಾಡಿಗೆ ಪ್ರತಿ ಒಂದು ಅಡಿ ಅಗಲಕ್ಕೆ 7 ಇಂಚು, ಅಂದರೆ ಸುಮಾರು 30 ಡಿಗ್ರಿ ಓಟ (ಇಳಿಜಾರು) ಬೇಕೇ ಬೇಕು. ಕಡಿಮೆಯಾದರೆ ಗಾಳಿ ನೀರನ್ನು ಹೆಂಚಿನ ಸಂದಿಗೆ ಹಿಂದಕ್ಕೆ ನೂಕುತ್ತದೆ. ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಹೊಡೆಯುವ ಮೊದಲು ತಂದ ಹೆಂಚನ್ನೇ ಜೋಡಿಸಿ ರೀಪುಗಳ ಅಂತರ ಅಳೆಯಿರಿ. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ತುಸು ಬೇರೆ ಇರುತ್ತದೆ.