ಕ್ವಿಬೆಕ್ ಅಲ್ಲ, ಕೆಬೆಕ್

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಹೆಸರು ಫ್ರೆಂಚ್ ಮೂಲದ್ದು ಎಂದು ಒಂದು ಲೇಖನದಲ್ಲಿ ಓದಿದೆ. ಅದು ಸರಿಯಲ್ಲ, ಕಾಗುಣಿತ ಮಾತ್ರ ಫ್ರೆಂಚರದು. ಪದ ಅಲ್ಲಿನ ಮೂಲನಿವಾಸಿ ಅಲ್ಗಾಂಕಿನ್ ಜನರದು. ಅರ್ಥ, ನದಿ ಕಿರಿದಾಗುವ ಜಾಗ. ಕೆಳಹರಿವಿನಲ್ಲಿ ಹಲವು ಕಿಲೋಮೀಟರ್ ಅಗಲವಿರುವ ಸೇಂಟ್ ಲಾರೆನ್ಸ್ ನದಿ ಪ್ರಾಂತ್ಯದ ಇದೇ ಹೆಸರಿನ ನಗರದ ಬಂಡೆಗುಡ್ಡದ ಬುಡದಲ್ಲಿ ಸುಮಾರು ಒಂದು ಕಿಲೋಮೀಟರಿಗೆ ಇಳಿದುಬಿಡುತ್ತದೆ. 1608ರಲ್ಲಿ ಫ್ರೆಂಚ್ ಅನ್ವೇಷಕ ಶಾಂಪ್ಲೇನ್ ನೆಲೆ ಕಟ್ಟಿದ್ದು ಅಲ್ಲೇ. ಇಡೀ ಪ್ರಾಂತ್ಯಕ್ಕೆ ಆ ಹೆಸರಿಟ್ಟವರು ಬ್ರಿಟಿಷರು, 1763ರಲ್ಲಿ. 1791ರಲ್ಲಿ ಅದು ಇಬ್ಭಾಗವಾಗಿ ಈ ಭಾಗ 'ಲೋವರ್ ಕೆನಡಾ' ಆಯಿತು, 1867ರಲ್ಲಿ ಹಳೆಯ ಹೆಸರೇ ಮರಳಿತು.

ಉಚ್ಚಾರಣೆ ಕೆಡುವುದು ಮೊದಲ ಅಕ್ಷರದಲ್ಲಿ. ಫ್ರೆಂಚಿನಲ್ಲಿ 'ಕ್ಯೂ', 'ಯು' ಅಕ್ಷರಗಳು ಜೊತೆಯಾದರೆ ಸಾಮಾನ್ಯವಾಗಿ ಬರೀ 'ಕ್'. ಇಂಗ್ಲಿಷ್ ಅದನ್ನೇ 'ಕ್ವ್' ಎಂದು ಓದುತ್ತದೆ, ಹಿಂದಿಯಲ್ಲಿ 'ಕ್ಯೂಬೆಕ್' ಎಂದು ಬರೆಯುತ್ತಾರೆ. ಕನ್ನಡಕ್ಕೆ ಹ್ರಸ್ವ ಎಕಾರವಿದೆ, 'ಕೆಬೆಕ್' ಎಂದು ನೇರವಾಗಿ ಬರೆಯಬಹುದು. 'ಕೇಬೆಕ್' ಎಂದು ಎಳೆಯುವುದು ಬೇಡ. ಅಲ್ಲಿನವರನ್ನು ಕರೆಯುವ 'ಕೆಬೆಕ್ವಾ' ಪದದ 'ವಾ' ಮಾತ್ರ ಫ್ರೆಂಚಿನದೇ, ಅದನ್ನು ಬಿಡಬಾರದು.

ಇನ್ನೊಂದು: ಫ್ರೆಂಚಿನಲ್ಲಿ 'ಆ ಕೆಬೆಕ್' (à Québec) ಎಂದರೆ ನಗರದಲ್ಲಿ, 'ಓ ಕೆಬೆಕ್' (au Québec) ಎಂದರೆ ಪ್ರಾಂತ್ಯದಲ್ಲಿ. ಫ್ರೆಂಚ್ ಸುದ್ದಿ ಅನುವಾದಿಸುವವರು ಇದನ್ನು ಗಮನಿಸದಿದ್ದರೆ ಊರಿನ ಸುದ್ದಿ ಪ್ರಾಂತ್ಯದ್ದಾಗುತ್ತದೆ.